ನಾಲ್ಕು ಕೋಟಿ ಅಂಕೆಯ ಅವಿಭಾಜ್ಯದಲ್ಲಿ ಗಾತ್ರ ಬಿಟ್ಟರೆ ಏನಿದೆ?

ಶೂನ್ಯಪ್ಪ: 2024ರ ಅಕ್ಟೋಬರಿನಲ್ಲಿ ಸಿಕ್ಕ 2^136279841 − 1 ಅನ್ನೋ ಅವಿಭಾಜ್ಯ ಸಂಖ್ಯೆಯನ್ನು ಯಾಕೆ ಇಷ್ಟು ಹೊಗಳುತ್ತಾರೋ ಗೊತ್ತಾಗುವುದಿಲ್ಲ. 4,10,24,320 ಅಂಕೆ ಇದೆ, ಸರಿ. ಸಾವಿರಾರು ಕಂಪ್ಯೂಟರ್ ಓಡಿಸಿದರು, ಸಿಕ್ಕಿತು. ಇದರಲ್ಲಿ ಗಣಿತ ಎಲ್ಲಿದೆ? ಪಾಸ್‌ವರ್ಡ್ ಕಾಯುವುದಕ್ಕೂ ಬರುವುದಿಲ್ಲ.

ಬೆಸಸಂಖ್ಯೆ: ಪಾಸ್‌ವರ್ಡ್ ವಿಷಯ ನಿಜ. ಮಾಹಿತಿಯನ್ನು ಗುಟ್ಟಾಗಿಡೋ ಆರ್‌ಎಸ್‌ಎ ಅನ್ನೋ ವಿಧಾನಕ್ಕೆ ಮುನ್ನೂರು ಚಿಲ್ಲರೆ ಅಂಕೆಯ ಗುಟ್ಟಿನ ಅವಿಭಾಜ್ಯಗಳು ಸಾಕು, ಇದು ಜಗತ್ತಿಗೇ ಗೊತ್ತಿರೋದು. ಆದರೆ ಗಣಿತ ಇಲ್ಲ ಅಂದರೆ ಒಪ್ಪುವುದಿಲ್ಲ. ಇದು ಅವಿಭಾಜ್ಯ ಅಂತ ಹೇಗೆ ಗೊತ್ತಾಯಿತು ಹೇಳಿ ನೋಡೋಣ?

ಶೂನ್ಯಪ್ಪ: ಎಲ್ಲದರಿಂದಲೂ ಭಾಗಿಸಿ ನೋಡಿರುತ್ತಾರೆ.

ಬೆಸಸಂಖ್ಯೆ: ಅಲ್ಲವೇ ಅಲ್ಲ! ಹಾಗೆ ಭಾಗಿಸುತ್ತಾ ಕೂತರೆ ಯಾವ ಯಂತ್ರಕ್ಕೂ ಮುಗಿಯುವುದಿಲ್ಲ. 2ರ ಘಾತದಿಂದ 1 ಕಳೆದ ಇಂಥ ಸಂಖ್ಯೆಗಳಿಗೆಂದೇ ಇರೋ ಲೂಕಾಸ್-ಲೆಹ್ಮರ್ ಪರೀಕ್ಷೆ ನೋಡಿ. 4ರಿಂದ ಶುರು ಮಾಡಿ, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸೋ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 31 ಅಂದರೆ 2^5 − 1. ಅದಕ್ಕೆ 4, 14, ಆಮೇಲೆ 194ರ ಶೇಷ 8, ಕೊನೆಗೆ 62ರ ಶೇಷ 0. ಮೂರೇ ಹೆಜ್ಜೆ, ಅಂದರೆ ಘಾತಾಂಕಕ್ಕಿಂತ ಎರಡು ಕಡಿಮೆ. ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಒಂದೇ ಒಂದು ಅಪವರ್ತನವನ್ನೂ ಹುಡುಕದೆ ತೀರ್ಪು ಸಿಗುತ್ತದೆ.

ವನಜಾ: ಆಕಾರದಿಂದಲೂ ತುಂಬಾ ತಿಳಿಯುತ್ತದೆ. ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ ಬರೀ 1, ಅದೂ 136279841 ಸಲ. ಮಾಮೂಲಿ ಲೆಕ್ಕದಲ್ಲಿ ಕೊನೆಯ ಅಂಕೆಯೂ 1. ಘಾತಾಂಕವನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 2ರ ಘಾತ 2ರಲ್ಲಿ ಮುಗಿಯುತ್ತದೆ, ಒಂದು ಕಳೆದರೆ 1. ಬಾಯಲ್ಲೇ ಹೇಳಬಹುದು, ಅಲ್ವಾ? ಇದನ್ನು 2^136279840ರಿಂದ ಗುಣಿಸಿದರೆ ಒಂದು ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತಾನೇ ಆಗಿರೋದು. 6, 28ರ ಸಾಲಿಗೆ ಸೇರಿದ್ದು.

ಕುತೂಹಲಿ: ಘಾತಾಂಕ ಅವಿಭಾಜ್ಯ ಆದರೆ ಸಾಕಾ, ಇಂಥ ಸಂಖ್ಯೆಯೂ ಅವಿಭಾಜ್ಯ ಆಗೋಕೆ?

ವನಜಾ: ಸಾಲದು. 2^11 − 1 = 2047 = 23 × 89. ಎರಡು ಅಪವರ್ತನಗಳಲ್ಲೂ 1 ಕಳೆದರೆ ಉಳಿಯೋದು 22ರ ಗುಣಕ (22, 88), ಇದೂ ಕಾಕತಾಳೀಯ ಅಲ್ಲ. ಘಾತಾಂಕ ಬೆಸ ಅವಿಭಾಜ್ಯ ಆಗಿದ್ದರೆ ಯಾವಾಗಲೂ ಹೀಗೇ, ಅಪವರ್ತನದಿಂದ 1 ಕಳೆದಾಗ ಘಾತಾಂಕದ ಎರಡರಷ್ಟರ ಗುಣಕ ಸಿಗುತ್ತದೆ.

ಶೂನ್ಯಪ್ಪ: ಚೆನ್ನಾಗಿದೆ. ಆದರೆ ಇದೆಲ್ಲ ಹಳೆಯದು. ಲೂಕಾಸ್ 1876ರಲ್ಲೇ 39 ಅಂಕೆಯ 2^127 − 1 ಅವಿಭಾಜ್ಯ ಅಂತ ಕೈಯಲ್ಲಿ ತೋರಿಸಿದ್ದ. ಹೊಗಳಬೇಕಾದ್ದು ಅವನನ್ನು. ಈ ಹೊಸ ಸಂಖ್ಯೆ ಸುಮ್ನೆ ಒಂದು ಉತ್ತರ.

ಬೆಸಸಂಖ್ಯೆ: ಉತ್ತರ ತೆಗೆಯೋ ದಾರಿಯೇ ಹೊಸದು ಮಾರಾಯ್ರೇ. ನಾಲ್ಕು ಕೋಟಿ ಅಂಕೆಯ ಸಂಖ್ಯೆಯನ್ನು ಹದಿಮೂರು ಕೋಟಿಗೂ ಜಾಸ್ತಿ ಸಲ ವರ್ಗ ಮಾಡಬೇಕು, ನಡುವೆ ಎಲ್ಲೋ ಒಂದು ಬಿಟ್ ತಪ್ಪಿದರೂ ಪೂರ್ತಿ ಹಾಳು. ಶಾಲೆಯ ಗುಣಾಕಾರದಲ್ಲಿ ಅದು ಆಗದ ಕೆಲಸ, ದೊಡ್ಡ ಗುಣಾಕಾರವನ್ನು ಬೇಗ ಮುಗಿಸೋ ಫೂರಿಯೆ ರೂಪಾಂತರ ಬೇಕು. ಲ್ಯೂಕ್ ಡ್ಯುರಾಂಟ್ ಇದನ್ನು ಹುಡುಕಿದ್ದು ಗ್ರಾಫಿಕ್ಸ್ ಚಿಪ್‌ಗಳಲ್ಲಿ.

ಕುತೂಹಲಿ: ಹಾಗಾದರೆ ಇದು 52ನೇ ಮರ್ಸೆನ್ ಅವಿಭಾಜ್ಯವೇ, ಅಂದರೆ 2ರ ಘಾತದಿಂದ 1 ಕಳೆದಾಗ ಸಿಗೋ ಅವಿಭಾಜ್ಯಗಳಲ್ಲಿ 52ನೆಯದೇ?

ವನಜಾ: ಗೊತ್ತಿರೋವುಗಳಲ್ಲಿ 52ನೆಯದು. ಇದು ಸಿಕ್ಕಾಗ ಕೆಳಗಿನ ಘಾತಾಂಕಗಳನ್ನೆಲ್ಲ ನೋಡಿ ಮುಗಿದಿರಲಿಲ್ಲ, ನಡುವೆ ಇನ್ನೊಂದು ಅಡಗಿರಬಹುದು. ಇಂಥವು ಅನಂತವಾಗಿವೆಯೋ ಇಲ್ಲವೋ, ಅದನ್ನೂ ಯಾರೂ ಸಾಧಿಸಿಲ್ಲ.

ಶೂನ್ಯಪ್ಪ: ನೋಡಿ, ಅದು ಪ್ರಶ್ನೆ! ಅದಕ್ಕೆ ಈ ಸಂಖ್ಯೆ ಒಂದಿಷ್ಟೂ ಸಹಾಯ ಮಾಡುವುದಿಲ್ಲ.