ಸಹಾಯ ಬೇಕು: 1520ರ ವಿಜಯನಗರದಲ್ಲಿ ಕೂಲಿಯವರು ಏನುಡುತ್ತಿದ್ದರು?

ಕೃಷ್ಣದೇವರಾಯನ ಕಾಲದ ಕಾದಂಬರಿಗೆ ಉಡುಪಿನ ಮಾಹಿತಿ ಬೇಕು. ಅರಮನೆಯವರದು ಕಷ್ಟವಿಲ್ಲ: ಕಬಾಯಿ ಎಂಬ ಉದ್ದ ಅಂಗಿ, ಕುಲ್ಲಾಯಿ ಎಂಬ ಎತ್ತರದ ಟೋಪಿಗೆ ಲೇಪಾಕ್ಷಿ ದೇವಾಲಯದ ಚಾವಣಿ ಚಿತ್ರಗಳಿವೆ (ಅವು ಅಚ್ಯುತರಾಯನ ಕಾಲದವು, ತುಸು ಈಚಿನವು), ಪೋರ್ಚುಗೀಸ್ ಪ್ರವಾಸಿ ಪಾಯೆಸ್‌ನ ವರ್ಣನೆಯೂ ಇದೆ. ತೊಡಕಿರುವುದು ಕಲ್ಲುಕುಟಿಗ, ಮಡಿವಾಳ, ಹೂವಾಡಗಿತ್ತಿಯರದು. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಸಾಮಾನ್ಯರು ಕಾಣುತ್ತಾರೆ ನಿಜ, ಆದರೆ ಅಲ್ಲಿ ಬಟ್ಟೆಯೆಂದರೆ ಹಲವೆಡೆ ಬರೀ ಗೆರೆ. ಸೀರೆ ಎಲ್ಲಿ ಮುಗಿಯಿತು, ನೆರಿಗೆ ಹಿಂದೆಯೋ ಮುಂದೆಯೋ ಗೊತ್ತಾಗದು, ಬಣ್ಣವಂತೂ ಇಲ್ಲ.

ಬೇಕಾದದ್ದು ಇಷ್ಟು: ದುಡಿಯುವ ಹೆಂಗಸಿನ ಸೀರೆ ಎಷ್ಟು ಮೊಳ, ಕಚ್ಚೆಯೋ ಅಲ್ಲವೋ, ರವಿಕೆ ಇತ್ತೇ? ಮಗ್ಗದೆರೆಯ (ನೇಕಾರರ ಮಗ್ಗಕ್ಕೆ ಹಾಕುತ್ತಿದ್ದ ತೆರಿಗೆಯ) ಶಾಸನಗಳಲ್ಲಿ ಒರಟು ಹತ್ತಿಬಟ್ಟೆಯ ಹೆಸರು ಬಂದಿದ್ದರೆ ಶಾಸನದ ಊರು, ಸಂಖ್ಯೆ ತಿಳಿಸಿ. ಸಿನಿಮಾ, ಧಾರಾವಾಹಿಯ ಚಿತ್ರ ದಯವಿಟ್ಟು ಬೇಡ. ಕೃತಕ ಬಣ್ಣ ಹುಟ್ಟಿದ್ದೇ 1856ರಲ್ಲಿ. ಸಿನಿಮಾದ ಕಣ್ಣು ಕುಕ್ಕುವ ನೇರಳೆ ಇಲ್ಲಿಗೆ ಸಲ್ಲದು.