ಬಾಬಾಸಾಹೇಬರ ಪಾತ್ರದಲ್ಲಿ ಮಮ್ಮುಟ್ಟಿ: ಅಭಿನಯವನ್ನು ಯಾವುದರೊಡನೆ ಹೋಲಿಸಿ ಅಳೆಯಬೇಕು?

ಜಗತ್ ವೃತ್ತದವ, ಕಲಬುರಗಿ

ಎಲ್ಲರಿಗೂ ಶರಣು. ಕಳೆದ ಭಾನುವಾರ ನಮ್ಮ ಓಣಿಯ ವಾಚನಾಲಯದಲ್ಲಿ ಗೋಡೆಗೆ ಬಿಳಿ ಧೋತರ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರ್ ತಂದು, ಜಬ್ಬಾರ್ ಪಟೇಲ್ ನಿರ್ದೇಶನದ ‘ಡಾ. ಬಾಬಾಸಾಹೇಬ್ ಅಂಬೇಡ್ಕರ್’ ಚಿತ್ರವನ್ನು ತೋರಿಸಿದೆವು. ಚಿತ್ರ ಮುಗಿದ ಮೇಲೆ ಚಹಾ ಕುಡಿಯುತ್ತ ಆರಂಭವಾದ ಮಾತು ಜಗಳದ ಅಂಚಿಗೆ ಹೋಯಿತು. ಹಿರಿಯರೊಬ್ಬರು, “ಮಮ್ಮುಟ್ಟಿ ಎಲ್ಲಿ ಕಾಣಸ್ಯಾನ? ಸಾಹೇಬರೇ ಬಂದು ಕುಂತಂಗಿತ್ತು” ಎಂದರು. ಪದವಿ ಓದುತ್ತಿರುವ ಹುಡುಗನೊಬ್ಬ, ಮುಖ ಹೋಲುತ್ತದೆ, ಕನ್ನಡಕವೂ ಸರಿಯಾಗಿದೆ, ಆದರೆ ಗುಡುಗು ಇಲ್ಲ ಎಂದು ವಾದಿಸಿದ.

ನಮ್ಮ ಗೋಡೆ ಪತ್ರಿಕೆಗೆ ಈ ಅಭಿನಯದ ಕುರಿತು ಒಂದು ಪುಟ ಬರೆಯುವ ಹೊಣೆ ನನ್ನ ಮೇಲಿದೆ. ನನ್ನನ್ನು ಕಾಡುತ್ತಿರುವುದು ಇಷ್ಟೇ. ನಮ್ಮಲ್ಲಿ ಯಾರೂ ಬಾಬಾಸಾಹೇಬರನ್ನು ಕಣ್ಣಾರೆ ಕಂಡವರಲ್ಲ. ದಿನಾ ಹಾದುಹೋಗುವ ವೃತ್ತದ ಪ್ರತಿಮೆ ಮತ್ತು ಮನೆಯ ಗೋಡೆಯ ಚಿತ್ರಪಟ, ಇವೆರಡೇ ನಮ್ಮ ಕಣ್ಣಲ್ಲಿ ನಿಂತಿವೆ. ಹಾಗಿರುವಾಗ ನಾವು ನಟನನ್ನು ಹೋಲಿಸುತ್ತಿರುವುದು ಬದುಕಿದ್ದ ಮನುಷ್ಯನೊಡನೆಯೋ, ಪ್ರತಿಮೆಯೊಡನೆಯೋ?

ಬಣ್ಣದ ಪೆಟ್ಟಿಗೆ, ಬೀದರ್

ಸರ್, ಮೊದಲು ಬಣ್ಣದವನ ಕೆಲಸವನ್ನೂ ನಟನ ಕೆಲಸವನ್ನೂ ಬೇರ್ಪಡಿಸಿ ನೋಡಬೇಕು ಎಂಬುದು ಹವ್ಯಾಸಿ ನಾಟಕಗಳಲ್ಲಿ ಹಲವು ವರ್ಷ ಬಣ್ಣ ಹಚ್ಚಿದ ನನ್ನ ಅಭಿಪ್ರಾಯ. 2017ರ ‘ಡಾರ್ಕೆಸ್ಟ್ ಅವರ್’ ಚಿತ್ರದಲ್ಲಿ ಗ್ಯಾರಿ ಓಲ್ಡ್‌ಮನ್ ಚರ್ಚಿಲ್ ಆದಾಗ, ನಟನಿಗೊಂದು ಆಸ್ಕರ್, ಪ್ರಸಾಧನ ಮಾಡಿದವರಿಗೊಂದು ಆಸ್ಕರ್ ಬಂದದ್ದು ಆ ಎರಡೂ ಕೆಲಸಗಳು ಬೇರೆ ಬೇರೆ ಎಂಬುದಕ್ಕೆ ಸಾಕ್ಷಿ. ಮಮ್ಮುಟ್ಟಿಯವರು ಮೀಸೆ ತೆಗೆದದ್ದು, ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿಕೊಂಡದ್ದು ಪ್ರಸಾಧನದ ಲೆಕ್ಕಕ್ಕೆ ಸೇರಿದವು. ಅವುಗಳಿಗೆ ನಟನಿಗೆ ಅಂಕ ಕೊಡಬೇಡಿ.

ನಟನನ್ನು ಅಳೆಯಬೇಕಾದದ್ದು ಅವನು ಮಾತನಾಡುವಾಗಲ್ಲ, ಎದುರಿನವರು ಮಾತನಾಡುವಾಗ. ಮೋಹನ್ ಗೋಖಲೆ ಗಾಂಧಿಯಾಗಿ ನಟಿಸಿದ ಭೇಟಿಯ ದೃಶ್ಯವನ್ನು ಶಬ್ದ ನಿಲ್ಲಿಸಿ ಮತ್ತೊಮ್ಮೆ ನೋಡಿ. 1932ರ ಪುಣೆ ಒಪ್ಪಂದದ ಕಾಲದಲ್ಲಿ ಒಂದು ಕಡೆ ಉಪವಾಸ ಕುಳಿತ ಗಾಂಧೀಜಿಯವರ ಪ್ರಾಣ, ಇನ್ನೊಂದು ಕಡೆ ತನ್ನ ಜನರ ಪ್ರತ್ಯೇಕ ಮತಕ್ಷೇತ್ರ, ಇವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯ ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದು ಮುಖದಲ್ಲಿ ಕಂಡರೆ ಪಾತ್ರ ಗೆದ್ದಿತು. ನಮ್ಮ ದೊಡ್ಡಾಟದಲ್ಲಿ ರಾವಣ ಬರೀ ಆರ್ಭಟಿಸಿದರೆ ಸಾಕು, ರಾವಣನನ್ನು ಕಂಡವರಿಲ್ಲವಲ್ಲ! ಚರಿತ್ರೆಯ ನಾಯಕನಿಗೆ ಆ ಸವಲತ್ತು ಇಲ್ಲ.

ಯಾದಗಿರಿ ಮೇಷ್ಟ್ರು

ಆ ಹುಡುಗನ ‘ಗುಡುಗು’ ಎಲ್ಲಿಂದ ಬಂತು ಎಂದು ವಿಚಾರಿಸಬೇಕಾಗಿದೆ. 1955ರಲ್ಲಿ ಬಿಬಿಸಿ ರೇಡಿಯೊಗೆ ಬಾಬಾಸಾಹೇಬರು ಗಾಂಧೀಜಿಯವರ ಕುರಿತು ಕೊಟ್ಟ ಸಂದರ್ಶನ ಇಂದಿಗೂ ಕೇಳಲು ಸಿಗುತ್ತದೆ. ಅದರಲ್ಲಿ ಗರ್ಜನೆಯಿಲ್ಲ, ಮಾತು ಬಲು ಕಟುವಾಗಿದ್ದರೂ, ವಕೀಲರೊಬ್ಬರು ಒಂದೊಂದೇ ಕಾಗದವನ್ನು ಮೇಜಿನ ಮೇಲೆ ಇಡುತ್ತ ಹೋಗುವ ಧಾಟಿ ಅದು. ಗುಡುಗು ಜಯಂತಿಯ ಧ್ವನಿವರ್ಧಕಗಳಿಂದ ನಮ್ಮ ಕಿವಿಗೆ ಬಂದದ್ದು ಎಂದು ನನ್ನ ಅನುಮಾನ.

ಇದಕ್ಕೆ ಹೋಲುವ ಪೆಟ್ಟು, ಅಮೆರಿಕದ ಅಧ್ಯಕ್ಷ ಲಿಂಕನ್ನರ ಪಾತ್ರ ಮಾಡಿದ ಡೇನಿಯಲ್ ಡೇ ಲೂಯಿಸ್ ಅವರಿಗೂ ಬಿತ್ತು. ಲಿಂಕನ್ ತೀರಿಕೊಂಡದ್ದು 1865ರಲ್ಲಿ, ಎಡಿಸನ್ ಧ್ವನಿಮುದ್ರಣ ಯಂತ್ರ ಮಾಡಿದ್ದು 1877ರಲ್ಲಿ. ಆದ್ದರಿಂದ ಲಿಂಕನ್ನರ ದನಿ ನಮಗೆ ಉಳಿದಿಲ್ಲ. ಅವರದು ಎತ್ತರದ, ತೆಳುವಾದ ಕಂಠ ಎಂದು ಸಮಕಾಲೀನರು ಬರೆದಿಟ್ಟದ್ದನ್ನು ನಂಬಿ ಆ ನಟರು 2012ರ ಚಿತ್ರದಲ್ಲಿ ಹಾಗೆಯೇ ಮಾತನಾಡಿದಾಗ, ಗಂಭೀರ ದನಿಯನ್ನು ನಿರೀಕ್ಷಿಸಿ ಹೋದ ಪ್ರೇಕ್ಷಕರು ತಬ್ಬಿಬ್ಬಾದರು.

ಒಂದು ಪ್ರಶ್ನೆ: ನೀವು ತೋರಿಸಿದ್ದು ಯಾವ ಭಾಷೆಯ ಪ್ರತಿ?

ಜಗತ್ ವೃತ್ತದವ, ಕಲಬುರಗಿ

ಮೇಷ್ಟ್ರೇ, ಸಿಕ್ಕಿಬಿದ್ದೆ. ಎಲ್ಲರಿಗೂ ತಿಳಿಯಲಿ ಎಂದು ಹಿಂದಿ ಡಬ್ಬಿಂಗ್ ಪ್ರತಿಯನ್ನೇ ಹಾಕಿದ್ದೆವು.

ಯಾದಗಿರಿ ಮೇಷ್ಟ್ರು

ಹಾಗಾದರೆ ನಿಮ್ಮ ವಾಚನಾಲಯದಲ್ಲಿ ತೀರ್ಪು ಸಿಕ್ಕಿದ್ದು ಇನ್ನೊಬ್ಬರ ಕಂಠಕ್ಕೆ. ಮೂಲ ಚಿತ್ರ ಇಂಗ್ಲಿಷಿನದು.

ನೀಲಿ ಶಾಯಿ, ಕಲಬುರಗಿ

ಬೀದರಿನ ಅಣ್ಣಾವ್ರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಣ್ಣವನ್ನು ತೆಗೆದಿಡಬಹುದು, ದೇಹವನ್ನು ಹೇಗೆ ತೆಗೆದಿಡುವುದು? ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಇಪ್ಪತ್ತೆರಡರ ಯುವಕ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವಾಗ ಅರವತ್ತೈದರ, ಮಧುಮೇಹದಿಂದ ಕಾಲುಗಳು ಸೋತ ಮುದುಕ. ಇವೆರಡನ್ನೂ ಒಬ್ಬನೇ ನಟ ಹೊರಬೇಕು. ನನ್ನ ಕಣ್ಣಿಗೆ ಮಮ್ಮುಟ್ಟಿಯವರು ಮೊದಲ ಭಾಗದಲ್ಲಿ ಸೋತಿದ್ದಾರೆ. ನಲವತ್ತು ದಾಟಿದವರ ಭಾರ ವಿದ್ಯಾರ್ಥಿಯ ಕೋಟಿನೊಳಗಿಂದ ಇಣುಕುತ್ತದೆ. ಕೊನೆಯ ವರ್ಷಗಳಿಗೆ ಬಂದಾಗ ಅದೇ ಭಾರ ಅವರ ನೆರವಿಗೆ ಬರುತ್ತದೆ.

ರಾಷ್ಟ್ರ ಪ್ರಶಸ್ತಿ ಬಂದಿದೆಯಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಪ್ರಶಸ್ತಿ ಆಯ್ಕೆ ಸಮಿತಿಯವರ ಅಭಿಪ್ರಾಯ, ನಮ್ಮ ಗೋಡೆ ಪತ್ರಿಕೆ ನಮ್ಮದು. ಹಾಗೆಯೇ ಚಿತ್ರಕಥೆ ಬಿಟ್ಟುಬಿಟ್ಟ ಸಂಗತಿಗಳಿಗೆ ನಟನನ್ನು ದೂರುವುದು, ನಾವು ಆಗಾಗ ಮಾಡುವ ತಪ್ಪು.

ಇನ್ನು ಪ್ರತಿಮೆಯ ಮಾತು. ಈ ಚಿತ್ರವನ್ನು ನಮ್ಮ ಮನೆಯ ಟಿವಿಯಲ್ಲಿ ಹಾಕಿದಾಗ, 1927ರಲ್ಲಿ ಬಾಬಾಸಾಹೇಬರು ತಮ್ಮ ಜನರೊಡನೆ ನೀರು ಕುಡಿದ ಮಹಾಡದ ಚವದಾರ್ ಕೆರೆಯ ದೃಶ್ಯ ಬರುತ್ತಲೇ ನಮ್ಮವ್ವ ಕೈಯಲ್ಲಿದ್ದ ತೊಗರಿಬೇಳೆಯ ಮೊರವನ್ನು ಕೆಳಗಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತಳು. ಆಕೆ ಕಂಡದ್ದು ನಟನನ್ನಲ್ಲ ಎಂಬುದು ಸ್ಪಷ್ಟ. ಆದರೆ ಅದು ಮಮ್ಮುಟ್ಟಿಯವರ ಗೆಲುವೋ, ಆ ಕೆರೆಯ ನೀರಿನ ಗೆಲುವೋ ಎಂದು ನನಗೆ ಇಂದಿಗೂ ಬೇರ್ಪಡಿಸಲು ಆಗಿಲ್ಲ. ನಿಮ್ಮ ಪುಟದಲ್ಲಿ ಅದಕ್ಕೂ ಒಂದು ಸಾಲು ಬಿಡಿ.

ಜಗತ್ ವೃತ್ತದವ, ಕಲಬುರಗಿ

ಅಕ್ಕಾರೆ, ಬಿಡುತ್ತೇನೆ. ಬರುವ ಭಾನುವಾರ ಇಂಗ್ಲಿಷ್ ಪ್ರತಿಯನ್ನು ಹಾಕುತ್ತೇವೆ. ಗಾಂಧಿ ಭೇಟಿಯ ದೃಶ್ಯವನ್ನು ಮೊದಲು ಶಬ್ದವಿಲ್ಲದೆ, ಆಮೇಲೆ ಶಬ್ದದೊಡನೆ ನೋಡುವುದೆಂದು ತೀರ್ಮಾನಿಸಿದ್ದೇವೆ. ಬಿಬಿಸಿ ಸಂದರ್ಶನವನ್ನು ಆ ಹುಡುಗನ ಮೊಬೈಲಿಗೆ ಕಳಿಸಿದ್ದೆ. ಎರಡು ಸಲ ಕೇಳಿದನಂತೆ. “ಸಾಹೇಬರು ಇಷ್ಟು ಸಾವಕಾಶ ಮಾತಾಡತಿದ್ರೇನ್ರಿ?” ಎಂದು ಕೇಳಿದ.