ವಿದ್ಯುತ್ತಿಲ್ಲದ ಕಡಲೂರಿನಲ್ಲಿ ನೆಲೆಸುವ ಯೋಚನೆ: ಅನುಭವಸ್ಥರು ತಿಳಿಸಬೇಕು

ಪ್ರಶ್ನೆ, ಮಡಿಕೇರಿಯಿಂದ: ನಿವೃತ್ತಿಯ ನಂತರ ಗೋಕರ್ಣದ ಓಂ ಕಡಲತೀರದಿಂದ ದಕ್ಷಿಣಕ್ಕೆ, ರಸ್ತೆಯೂ ವಿದ್ಯುತ್ ಕಂಬವೂ ತಲುಪದ ಕಡೆ ಹಳೆಯ ಹಂಚಿನ ಮನೆಯೊಂದನ್ನು ಗುತ್ತಿಗೆಗೆ ಪಡೆಯಬೇಕೆಂದಿದ್ದೇವೆ. ಪತ್ನಿಗೆ ಮಂಡಿನೋವಿದೆ. ಸೋಲಾರ್ ಸಾಕಾದೀತೇ?

ಸೋಮವಾರಪೇಟೆಯಿಂದ: ಕುಮಟಾ ಕಡೆಯ ಅಂಥದೇ ಊರಿನಲ್ಲಿ ನಮ್ಮ ಮನೆಯಿದೆ. ನಾಲ್ಕು ಟ್ಯೂಬುಲರ್ ಬ್ಯಾಟರಿಗಳಿಗೆ 62,000 ರೂಪಾಯಿ, ಅವನ್ನು ದೋಣಿಯಲ್ಲಿ ತರಿಸಲು 4,500, ದಂಡೆಯಿಂದ ಗುಡ್ಡ ಹತ್ತಿಸಿದ ಆಳುಗಳಿಗೆ 3,200 ತೆತ್ತೆವು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಹರಿಯದೆ, ಬ್ಯಾಟರಿಗಳು ಪೂರ್ತಿ ತುಂಬುವ ಅವಕಾಶವೇ ಸಿಗದೆ, ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಕಟ್ಟಿ ಎರಡು ಕೆಟ್ಟವು. ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲ್ ಬೋಲ್ಟುಗಳೂ ತುಕ್ಕು ಹಿಡಿದವು. 316 ದರ್ಜೆಯದನ್ನೇ ಕೇಳಿ ಪಡೆಯಿರಿ, ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಗಾಳಿಬೀಡಿನಿಂದ: ಈ ಗೋಳು ಏಕೆಂದು ನನಗೆ ಅರ್ಥವಾಗದು. ನಮ್ಮ ತೋಟದ ಮೇಲಿನ ತೊರೆಯಿಂದ ಪೈಪು ಇಳಿಸಿ ಒಂದು ಕಿಲೋವ್ಯಾಟ್‌ನ ಪುಟ್ಟ ಟರ್ಬೈನ್ ಕೂರಿಸಿದ್ದೇವೆ. ಜರಡಿಗೆ ಸಿಕ್ಕಿದ ಎಲೆಗಳನ್ನು ಬೆಳಿಗ್ಗೆ ಸಂಜೆ ತೆಗೆಯುತ್ತಿದ್ದರೆ ಆಯಿತು, ಇಡೀ ಮಳೆಗಾಲ ಹಗಲೂ ರಾತ್ರಿಯೂ ದೀಪ ಆರುವುದಿಲ್ಲ. ಕೊಡಗಿನಲ್ಲಿ ಹುಟ್ಟಿದವರು ಉಪ್ಪುನೀರಿನ ಪಕ್ಕಕ್ಕೆ ಹೋಗಿ ಕತ್ತಲಲ್ಲಿ ಕೂರುವುದು ಶೋಕಿಯಲ್ಲದೆ ಮತ್ತೇನು?

ಸೋಮವಾರಪೇಟೆಯಿಂದ: ಫೆಬ್ರವರಿಯಲ್ಲಿ ತಮ್ಮ ತೊರೆ ಎಷ್ಟು ಹರಿಯುತ್ತದೆ ಎಂಬುದನ್ನೂ ದಯವಿಟ್ಟು ಬರೆಯಿರಿ. ತಾವು ಸೀಮೆಎಣ್ಣೆ ಹುಡುಕುವ ತಿಂಗಳುಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದೊಳಗೆ ಬ್ಯಾಟರಿ ತುಂಬಿ ಮಿಕ್ಕ ವಿದ್ಯುತ್ತಿನಲ್ಲಿ ಮಿಕ್ಸಿ ತಿರುಗುತ್ತದೆ.

ವಿರಾಜಪೇಟೆಯಿಂದ: ದೀಪದ ಮಾತು ಸಾಕು. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಭಾಗದಲ್ಲಿ ಭರತರೇಖೆಯಿಂದ (ಉಬ್ಬರದಲ್ಲಿ ಕಡಲ ನೀರು ಏರಿ ಮುಟ್ಟುವ ಗೆರೆಯಿಂದ) 200 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. 2019ರ ಅಧಿಸೂಚನೆಯಲ್ಲಿ ಅದನ್ನು 50 ಮೀಟರಿಗೆ ಇಳಿಸಿರುವುದು ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಮಾತ್ರ. ದಲ್ಲಾಳಿ ಈ 50 ಮೀಟರಿನ ಅಂಕಿಯನ್ನಷ್ಟೇ ಹೇಳಿ ನನ್ನಿಂದ ಮುಂಗಡವಾಗಿ 1,40,000 ಪಡೆದಿದ್ದ. 85,000 ಮರಳಿತು, ಉಳಿದದ್ದಕ್ಕೆ ಇಂದಿಗೂ ಫೋನ್ ಎತ್ತುವುದಿಲ್ಲ.

ಕುಶಾಲನಗರದಿಂದ: ಕಾನೂನಿಗಿಂತ ನೀರು ಮುಖ್ಯ. ನಾವು ಕಡಲಿನ ಬಳಿ ಬೋರ್‌ವೆಲ್ ಕೊರೆಸಿ ಆರಾಮವಾಗಿದ್ದೇವೆ, ಪಂಪು ಸಹಿತ ಒಟ್ಟು 1,18,000 ರೂಪಾಯಿ.

ಸೋಮವಾರಪೇಟೆಯಿಂದ: ಇಂಥವರಿಂದಲೇ ನೆರೆಯವರ ಬಾವಿ ಹಾಳಾಗುವುದು. ಕಡಲ ದಂಡೆಯ ನೆಲದಡಿಯಲ್ಲಿ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಆಳದಿಂದ ರಭಸವಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಅಲ್ಲಿನವರು ಆಳವಿಲ್ಲದ ತೆರೆದ ಬಾವಿಯಿಂದ ಕೊಡದಲ್ಲಿ ಸೇದುವುದಕ್ಕೆ ಕಾರಣವಿದೆ. ನಮ್ಮ ಪಕ್ಕದವರು ಪಂಪು ಇಟ್ಟ ಮರುವರ್ಷದ ಏಪ್ರಿಲ್‌ನಲ್ಲಿ ನಮ್ಮ ಬಾವಿಯ ನೀರಿಗೆ ಬೇಳೆ ಬೇಯುವುದು ನಿಂತಿತು.

ಕುಶಾಲನಗರದಿಂದ: ನಮ್ಮ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದೇವೆ, 600 ರೂಪಾಯಿಯ ರಸೀದಿಯೂ ಇದೆ. ನೋಡದೆ ಅಪವಾದ ಹೊರಿಸಬೇಡಿ.

ಸೋಮವಾರಪೇಟೆಯಿಂದ: ರಸೀದಿಯ ತಿಂಗಳು ಯಾವುದು? ಮಳೆಯ ಸಿಹಿನೀರು ನೆಲದಲ್ಲಿ ತುಂಬಿರುವ ಸೆಪ್ಟೆಂಬರ್ ಆಗಿದ್ದರೆ ಅದನ್ನು ಮಡಚಿ ಇಡಿ.

ಗಾಳಿಬೀಡಿನಿಂದ: ತೊರೆಯ ನೀರಿಗೆ ರಸೀದಿ ಬೇಡ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ಮಂಡಿನೋವಿದ್ದವರು ಮಳೆಗಾಲದಲ್ಲಿ ದೋಣಿ ನಿಂತಾಗ ಗುಡ್ಡದ ಕಾಲುದಾರಿಯಲ್ಲಿ ಹೇಗೆ ಬರುತ್ತಾರೆಂಬುದನ್ನು ಯಾರಾದರೂ ತಿಳಿಸುವಿರಾ?

ವಿರಾಜಪೇಟೆಯಿಂದ: ಮೊದಲು ನಿಮ್ಮ ದಲ್ಲಾಳಿ ಯಾರೆಂದು ಹೇಳಿ, ನನ್ನವನೇ ಇರಬಹುದು.